ಮಹಿಳೆಯರ ಮರುಕಳಿಸುವ ಮೂತ್ರಮಾರ್ಗದ ಸೋಂಕು ಮತ್ತು ಕ್ರ್ಯಾನ್‌ಬೆರಿ

ಕ್ರ್ಯಾನ್‌ಬೆರಿ ಉತ್ತರ ಅಮೆರಿಕ ಮೂಲದ, ಹುಳಿ ಮತ್ತು ಒಗರು ರುಚಿಯ ಒಂದು ಸಣ್ಣ ಕೆಂಪು ಹಣ್ಣು. ಇದರ ರಸ, ಪುಡಿ ಅಥವಾ ಗುಳಿಗೆಯನ್ನು ಮಹಿಳೆಯರಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಮೂತ್ರಮಾರ್ಗದ ಸೋಂಕನ್ನು ತಡೆಯಲು ಬಳಸುವ ರೂಢಿ ಹಲವು ದೇಶಗಳಲ್ಲಿದೆ. 2023ರ ಏಪ್ರಿಲ್‌ನಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯ ಪ್ರಕಾರ, ಪದೇ ಪದೇ ಸೋಂಕಿಗೆ ಒಳಗಾಗುವ ಮಹಿಳೆಯರಲ್ಲಿ ಕ್ರ್ಯಾನ್‌ಬೆರಿ ಉತ್ಪನ್ನಗಳು ಸೋಂಕಿನ ಸಾಧ್ಯತೆಯನ್ನು ಸುಮಾರು ಕಾಲು ಭಾಗದಷ್ಟು ಕಡಿಮೆ ಮಾಡುತ್ತವೆ. ಇದು ತಡೆಗಟ್ಟುವ ಉಪಾಯವೇ ಹೊರತು ಚಿಕಿತ್ಸೆಯಲ್ಲ. ಈಗಾಗಲೇ ಬಂದಿರುವ ಸೋಂಕನ್ನು ಕ್ರ್ಯಾನ್‌ಬೆರಿ ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಭಾರತದಲ್ಲಿ ಈ ಹಣ್ಣಿನ ವಾಣಿಜ್ಯ ಬೆಳೆ ಇಲ್ಲ. ಆದರೂ ಮೂತ್ರದ ಉರಿಗೆ ಇದರ ಗುಳಿಗೆ ಮತ್ತು ಪುಡಿಯ ಪೊಟ್ಟಣಗಳು ಔಷಧ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಕರ್ನಾಟಕದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿಯಂತಹ ಬಿಸಿಲು ಹೆಚ್ಚಿರುವ, ನೀರು ಕಡಿಮೆಯಿರುವ ಪ್ರದೇಶಗಳಲ್ಲಿ ಈ ಹಣ್ಣಿನ ಉಪಯೋಗವನ್ನು ಕುಡಿಯುವ ನೀರು, ಶೌಚಾಲಯ ಮತ್ತು ಮೂತ್ರ ಪರೀಕ್ಷೆಗಳ ಜೊತೆಗಿಟ್ಟು ನೋಡಬೇಕಾಗುತ್ತದೆ.

ರೋಗದ ಸ್ವರೂಪ

ಮೂತ್ರವಿಸರ್ಜನೆಯ ವೇಳೆ ಉರಿ, ಮೇಲಿಂದ ಮೇಲೆ ಅವಸರ, ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರ ಕದಡಿದಂತೆ ಅಥವಾ ರಕ್ತ ಬೆರೆತಂತೆ ಕಾಣುವುದು ಮೂತ್ರಾಶಯದ ಸೋಂಕಿನ ಮುಖ್ಯ ಲಕ್ಷಣಗಳು. ಆಡುಮಾತಿನಲ್ಲಿ ಇದನ್ನು ಉರಿಮೂತ್ರ ಎನ್ನುತ್ತಾರೆ. ‘ಉಷ್ಣ ಆಗಿದೆ’ ಎಂದು ಹೇಳುವವರೂ ಉಂಟು. ಉಷ್ಣವೆಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬೇಸಿಗೆಯಲ್ಲಿ ದೇಹದ ನೀರು ಬೆವರಾಗಿ ಹೋಗಿ ಮೂತ್ರ ಗಟ್ಟಿಯಾದಾಗ ಸೋಂಕಿಲ್ಲದೆಯೂ ಉರಿ ಕಾಣಿಸಬಹುದು. ಆದರೆ ಎಲ್ಲ ಉರಿಯೂ ಉಷ್ಣವಲ್ಲ. ಮೂತ್ರ ಪರೀಕ್ಷೆಯಿಲ್ಲದೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಮಹಿಳೆಯರಲ್ಲಿ ಮೂತ್ರಾಶಯದಿಂದ ಹೊರಕ್ಕೆ ಮೂತ್ರ ಸಾಗಿಸುವ ನಾಳದ ಉದ್ದ ಸುಮಾರು 4 ಸೆಂ.ಮೀ. ಮಾತ್ರ. ಅದರ ಬಾಯಿ ಗುದದ್ವಾರಕ್ಕೆ ಸಮೀಪದಲ್ಲಿದೆ. ಕರುಳಿನಲ್ಲಿ ಸಹಜವಾಗಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯ ಈ ಚಿಕ್ಕ ದಾರಿಯಲ್ಲಿ ಸುಲಭವಾಗಿ ಮೇಲೇರುತ್ತದೆ. ಸಾಮಾನ್ಯ ಮೂತ್ರಾಶಯ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚಿನವು ಇದರಿಂದಲೇ ಉಂಟಾಗುತ್ತವೆ. ಸುಮಾರು ಅರ್ಧದಷ್ಟು ಮಹಿಳೆಯರು ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕನ್ನು ಅನುಭವಿಸುತ್ತಾರೆ. ಆರು ತಿಂಗಳಲ್ಲಿ 2 ಬಾರಿ ಅಥವಾ ಒಂದು ವರ್ಷದಲ್ಲಿ 3 ಬಾರಿ ಸೋಂಕು ಬಂದರೆ ಅದನ್ನು ‘ಮರುಕಳಿಸುವ ಸೋಂಕು’ ಎಂದು ವೈದ್ಯಶಾಸ್ತ್ರ ಗುರುತಿಸುತ್ತದೆ. ಲೈಂಗಿಕ ಸಂಪರ್ಕ, ಋತುಬಂಧದ ನಂತರ ಈಸ್ಟ್ರೋಜನ್ ಹಾರ್ಮೋನಿನ ಕೊರತೆ, ಮಧುಮೇಹ, ಮೂತ್ರಾಶಯ ಪೂರ್ತಿ ಖಾಲಿಯಾಗದಿರುವುದು ಮತ್ತು ಮೂತ್ರದ ಕಲ್ಲು ಇದಕ್ಕೆ ಪೂರಕವಾಗುತ್ತವೆ. ಇದು ಕೊಳಕುತನದ ಫಲವೆಂದಾಗಲಿ ನಡತೆಯ ದೋಷವೆಂದಾಗಲಿ ಭಾವಿಸುವುದು ತಪ್ಪು. ಆ ಭಾವನೆಯಿಂದಲೇ ಅನೇಕ ಮಹಿಳೆಯರು ತೊಂದರೆಯನ್ನು ಮನೆಯಲ್ಲಿಯೂ ಹೇಳಿಕೊಳ್ಳದೆ ದಿನ ದೂಡುತ್ತಾರೆ.

ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಪಕ್ಕದ ನೋವು ಮತ್ತು ವಾಂತಿ ಕಾಣಿಸಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರುವ ಸಂಭವವಿರುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಲ್ಲಿ ಈ ಸೋಂಕು ಅವಧಿಪೂರ್ವ ಹೆರಿಗೆಗೂ ಕಾರಣವಾಗಬಹುದಾದ್ದರಿಂದ ಲಕ್ಷಣಗಳು ಸೌಮ್ಯವಾಗಿದ್ದರೂ ವೈದ್ಯರ ಸಲಹೆ ಅಗತ್ಯ.

ಹಣ್ಣು ಮತ್ತು ಹೆಸರಿನ ಗೊಂದಲ

ಕ್ರ್ಯಾನ್‌ಬೆರಿಯ ಸಸ್ಯಶಾಸ್ತ್ರೀಯ ಹೆಸರು ವ್ಯಾಕ್ಸಿನಿಯಮ್ ಮ್ಯಾಕ್ರೋಕಾರ್ಪನ್. ಇದು ನೆಲದ ಮೇಲೆ ಹಬ್ಬುವ ನಿತ್ಯಹಸಿರು ಬಳ್ಳಿ. ಅಮೆರಿಕದ ಮೂಲನಿವಾಸಿಗಳು ಇದನ್ನು ಆಹಾರವಾಗಿಯೂ ಔಷಧಿಯಾಗಿಯೂ ಬಳಸುತ್ತಿದ್ದರು. ವ್ಯವಸ್ಥಿತ ಬೇಸಾಯ 1816ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಪ್ರದೇಶದಲ್ಲಿ ಆರಂಭವಾಯಿತು. ಇಂದು ಅಮೆರಿಕದ ಬೆಳೆಯ ಅರ್ಧಕ್ಕಿಂತ ಹೆಚ್ಚಿನ ಪಾಲು ವಿಸ್ಕಾನ್ಸಿನ್ ರಾಜ್ಯದ್ದು. ಕೆನಡಾದಲ್ಲಿಯೂ ಬೆಳೆಯುತ್ತಾರೆ. ಹಣ್ಣಿನೊಳಗೆ ಗಾಳಿಯ ಪುಟ್ಟ ಗೂಡುಗಳಿರುವುದರಿಂದ ಅದು ನೀರಿನಲ್ಲಿ ತೇಲುತ್ತದೆ. ಕೊಯ್ಲಿನ ವೇಳೆ ಗದ್ದೆಗೆ ನೀರು ತುಂಬಿಸಿ, ತೇಲಿಬಂದ ಹಣ್ಣನ್ನು ಬಾಚಿ ತೆಗೆಯುವುದು ಅಲ್ಲಿನ ಕ್ರಮ.

ಈ ಬಳ್ಳಿಗೆ ದೀರ್ಘ ಚಳಿಗಾಲ, ಹೇರಳ ನೀರು ಮತ್ತು ಆಮ್ಲೀಯ ಮಣ್ಣು ಬೇಕು. ವಿಜಯಪುರ ಜಿಲ್ಲೆಯ ಎರೆಭೂಮಿ ಕ್ಷಾರೀಯವಾದುದು, ಚಳಿಗಾಲ ಚಿಕ್ಕದು. ಆದ್ದರಿಂದ ಅಲ್ಲಿ ಇದನ್ನು ಬೆಳೆಯುವ ಪ್ರಶ್ನೆಯೇ ಬರುವುದಿಲ್ಲ. ಭಾರತದ ಅಂಗಡಿಗಳಲ್ಲಿ ಸಿಗುವುದು ಬಹುತೇಕ ಆಮದಾದ, ಸಕ್ಕರೆ ಸೇರಿಸಿ ಒಣಗಿಸಿದ ಹಣ್ಣು.

ಕರ್ನಾಟಕದ ಕುರುಚಲು ಕಾಡುಗಳಲ್ಲಿ ಸಿಗುವ ಕವಳಿಹಣ್ಣಿನ ಜಾತಿಯ ಕರೊಂದವನ್ನು ಕೆಲವರು ‘ಭಾರತದ ಕ್ರ್ಯಾನ್‌ಬೆರಿ’ ಎಂದು ಕರೆಯುವುದುಂಟು. ಬಣ್ಣ ಹಾಗೂ ಹುಳಿಯಲ್ಲಿ ಹೋಲಿಕೆ ಇದ್ದರೂ ಇವೆರಡೂ ಬೇರೆ ಬೇರೆ ಕುಟುಂಬಗಳ ಸಸ್ಯಗಳು. ಕರೊಂದವು ಕಣಗಿಲೆಯ ಕುಟುಂಬಕ್ಕೆ ಸೇರಿದ್ದು, ಕ್ರ್ಯಾನ್‌ಬೆರಿ ರೋಡೊಡೆಂಡ್ರಾನ್ ಕುಟುಂಬದ್ದು. ಉಪ್ಪಿನಕಾಯಿಗೆ ಕರೊಂದ ಶ್ರೇಷ್ಠವಾಗಿದ್ದರೂ, ಕ್ರ್ಯಾನ್‌ಬೆರಿಯ ಮೇಲೆ ನಡೆದ ಪ್ರಯೋಗಗಳ ಫಲಿತಾಂಶವನ್ನು ಅದಕ್ಕೆ ಅನ್ವಯಿಸಲು ಬರುವುದಿಲ್ಲ.

ಕಾರ್ಯವಿಧಾನ

ಹುಳಿ ಹಣ್ಣು ಮೂತ್ರವನ್ನು ಆಮ್ಲೀಯಗೊಳಿಸಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಪ್ರಚಲಿತವಾಗಿದ್ದ ವಿವರಣೆ. ಕ್ರ್ಯಾನ್‌ಬೆರಿ ಸೇವನೆಯಿಂದ ಮೂತ್ರದಲ್ಲಿ ಹಿಪ್ಯೂರಿಕ್ ಆಮ್ಲ ಹೆಚ್ಚುವುದನ್ನು 1914ರಲ್ಲಿ ಬ್ಲಾದರ್ವಿಕ್ ಎಂಬ ವಿಜ್ಞಾನಿ ತೋರಿಸಿದ್ದರು. ಆದರೆ ಮನುಷ್ಯರು ಸಾಮಾನ್ಯವಾಗಿ ಕುಡಿಯಬಲ್ಲ ಪ್ರಮಾಣದ ರಸದಿಂದ ಬ್ಯಾಕ್ಟೀರಿಯ ಸಾಯುವಷ್ಟು ಆಮ್ಲ ಮೂತ್ರದಲ್ಲಿ ಉಂಟಾಗುವುದಿಲ್ಲವೆಂದು ಮುಂದೆ ತಿಳಿದುಬಂತು.

1984ರಲ್ಲಿ ಅಮೆರಿಕದ ಸಂಶೋಧಕ ಸೊಬೊಟಾ ವಿಚಾರದ ದಿಕ್ಕನ್ನೇ ಬದಲಿಸಿದರು. ಕ್ರ್ಯಾನ್‌ಬೆರಿ ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ, ಅದು ಅಂಟಿಕೊಳ್ಳದಂತೆ ತಡೆಯುತ್ತದೆ ಎಂಬುದು ಅವರ ಪ್ರಯೋಗಗಳ ಸಾರ. ಇ. ಕೋಲೈ ಮೈಮೇಲೆ ಕೂದಲಿನಂತಹ ಸೂಕ್ಷ್ಮ ಎಳೆಗಳಿರುತ್ತವೆ. ಬಟ್ಟೆಗೆ ಉತ್ತರಾಣಿ ಬೀಜ ಹತ್ತಿಕೊಳ್ಳುವಂತೆ, ಈ ಎಳೆಗಳ ಮೂಲಕ ಅದು ಮೂತ್ರಾಶಯದ ಒಳಗೋಡೆಗೆ ಹತ್ತಿಕೊಳ್ಳುತ್ತದೆ. ಹತ್ತಿಕೊಳ್ಳಲಾಗದ ಬ್ಯಾಕ್ಟೀರಿಯ ಮೂತ್ರದೊಂದಿಗೆ ಕೊಚ್ಚಿ ಹೋಗುತ್ತದೆ. ಈ ಗುಣಕ್ಕೆ ಕಾರಣವಾದ ವಸ್ತು ಎ-ಮಾದರಿಯ ಪ್ರೋಆಂಥೋಸಯನಿಡಿನ್ ಎಂಬ ಒಗರು ಸಂಯುಕ್ತವೆಂದು ಮುಂದೆ ಗುರುತಿಸಲಾಯಿತು. ಈ ವಸ್ತು ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಹೀಗಾಗಿ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಹುಟ್ಟುವ ಉಪಪದಾರ್ಥಗಳ ಪಾತ್ರವೂ ಇರಬಹುದೆಂಬ ವಿಚಾರ ಚರ್ಚೆಯಲ್ಲಿದೆ.

ಎ-ಮಾದರಿಯ ಇದೇ ಬಗೆಯ ಸಂಯುಕ್ತಗಳು ಶೇಂಗಾ ಬೀಜದ ಕೆಂಪು ಸಿಪ್ಪೆಯಲ್ಲಿಯೂ ದಾಲ್ಚಿನ್ನಿಯಲ್ಲಿಯೂ ಇವೆ. ಸಿಪ್ಪೆಸಹಿತ ಶೇಂಗಾ ಹಿಂಡಿ ನಿತ್ಯವೂ ಎಲೆಯ ಮೇಲೆ ಬೀಳುವ ಸೀಮೆಯಲ್ಲಿ ಇದು ಕುತೂಹಲದ ಸಂಗತಿಯೇ ಸರಿ. ಆದರೂ ಒಂದು ವಸ್ತು ಇದೆ ಎಂಬುದು ಬೇರೆ, ಅದನ್ನು ತಿಂದವರಿಗೆ ಸೋಂಕು ಕಡಿಮೆಯಾಯಿತು ಎಂದು ಸಿದ್ಧವಾಗುವುದು ಬೇರೆ.

ಪ್ರಯೋಗಗಳು ಮತ್ತು ಬದಲಾದ ನಿಲುವುಗಳು

1994ರಲ್ಲಿ ಬಾಸ್ಟನ್ನಿನಲ್ಲಿ 153 ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಧ್ಯಯನ ಈ ಕ್ಷೇತ್ರದ ಮೊದಲ ದೊಡ್ಡ ಪ್ರಯೋಗವೆನ್ನಬಹುದು. ದಿನಕ್ಕೆ 300 ಮಿ.ಲೀ. ಪಾನೀಯ ಕುಡಿದವರ ಮೂತ್ರದಲ್ಲಿ ಬ್ಯಾಕ್ಟೀರಿಯ ಮತ್ತು ಕೀವುಕಣಗಳು ಒಟ್ಟಿಗೆ ಕಾಣಿಸುವ ಸಂಭವ ಅರ್ಧಕ್ಕಿಂತ ಕೆಳಗಿಳಿಯಿತು. 2001ರಲ್ಲಿ ಫಿನ್ಲೆಂಡಿನ 150 ಮಹಿಳೆಯರಲ್ಲಿ, ಕ್ರ್ಯಾನ್‌ಬೆರಿ ಮತ್ತು ಲಿಂಗನ್‌ಬೆರಿಗಳ ಮಿಶ್ರ ರಸ ಕುಡಿದವರಲ್ಲಿ ಆರು ತಿಂಗಳೊಳಗೆ ಶೇ. 16ರಷ್ಟು ಮಂದಿಗೆ, ಏನನ್ನೂ ತೆಗೆದುಕೊಳ್ಳದವರಲ್ಲಿ ಶೇ. 36ರಷ್ಟು ಮಂದಿಗೆ ಸೋಂಕು ಮರುಕಳಿಸಿತು. ಇವುಗಳ ಬಲದಿಂದ ಹಣ್ಣಿನ ಕೀರ್ತಿ ಬೆಳೆಯಿತು.

ಹಿನ್ನಡೆಯೂ ಆಯಿತು. 2011ರಲ್ಲಿ ಅಮೆರಿಕದ 319 ಕಾಲೇಜು ವಿದ್ಯಾರ್ಥಿನಿಯರಲ್ಲಿ ನಡೆದ ಪ್ರಯೋಗದಲ್ಲಿ ಕ್ರ್ಯಾನ್‌ಬೆರಿ ರಸಕ್ಕೂ ಅದರಂತೆಯೇ ಕಾಣುವ ಹುಸಿ ಪಾನೀಯಕ್ಕೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. 2012ರ ಕಾಕ್ರೇನ್ ಪರಾಮರ್ಶೆ 24 ಅಧ್ಯಯನಗಳನ್ನು ಒಟ್ಟುಗೂಡಿಸಿ, ಈ ಹಣ್ಣನ್ನು ಶಿಫಾರಸು ಮಾಡಲಾಗದು ಎಂಬ ತೀರ್ಮಾನಕ್ಕೆ ಬಂದಿತು. 2016ರಲ್ಲಿ ಅಮೆರಿಕದ ವೃದ್ಧಾಶ್ರಮಗಳ 185 ಮಹಿಳೆಯರಿಗೆ ಒಂದು ವರ್ಷ ಗುಳಿಗೆ ನೀಡಿ ನೋಡಿದಾಗಲೂ ಪ್ರಯೋಜನ ಕಾಣಲಿಲ್ಲ.

ಹನ್ನೊಂದು ವರ್ಷಗಳ ನಂತರ ಅದೇ ಕಾಕ್ರೇನ್ ಸಂಸ್ಥೆ 50 ಅಧ್ಯಯನಗಳನ್ನೂ 8,857 ಮಂದಿಯ ವಿವರಗಳನ್ನೂ ಪರಿಶೀಲಿಸಿ ತನ್ನ ನಿಲುವನ್ನು ಬದಲಿಸಿತು. ಮರುಕಳಿಸುವ ಸೋಂಕಿನ ಮಹಿಳೆಯರಲ್ಲಿ ಶೇ. 26ರಷ್ಟು, ಮಕ್ಕಳಲ್ಲಿ ಶೇ. 54ರಷ್ಟು ಇಳಿಕೆ ದೊರೆಯಿತು. ವೃದ್ಧಾಶ್ರಮವಾಸಿಗಳು, ಗರ್ಭಿಣಿಯರು ಮತ್ತು ಮೂತ್ರಾಶಯ ಪೂರ್ತಿ ಖಾಲಿಯಾಗದ ತೊಂದರೆಯುಳ್ಳವರಲ್ಲಿ ಪ್ರಯೋಜನ ಕಂಡಿಲ್ಲ. ನಿಲುವು ಬದಲಾದದ್ದನ್ನು ವಿಜ್ಞಾನದ ಚಂಚಲತೆ ಎಂದು ಗೇಲಿ ಮಾಡುವುದು ಸರಿಯಲ್ಲ; ಪ್ರಯೋಗಗಳ ಸಂಖ್ಯೆ ಇಮ್ಮಡಿಯಾದಾಗ ಯಾರಿಗೆ ಉಪಯುಕ್ತ, ಯಾರಿಗೆ ಅಲ್ಲ ಎಂಬುದನ್ನು ಬೇರ್ಪಡಿಸಿ ನೋಡಲು ಸಾಧ್ಯವಾಯಿತು.

ಶೇ. 26 ಎಂಬ ಅಂಕಿಯನ್ನು ಸರಿಯಾಗಿ ಓದಿಕೊಳ್ಳಬೇಕು. ನೂರು ಮಹಿಳೆಯರಲ್ಲಿ ಇಪ್ಪತ್ತಾರು ಮಂದಿ ಪಾರಾಗುತ್ತಾರೆ ಎಂಬುದು ಇದರ ಅರ್ಥವಲ್ಲ. ಏನನ್ನೂ ತೆಗೆದುಕೊಳ್ಳದಿದ್ದಾಗ ನೂರರಲ್ಲಿ ನಲವತ್ತು ಮಂದಿಗೆ ಸೋಂಕು ಬರುವುದೆಂದು ಇಟ್ಟುಕೊಂಡರೆ, ಕ್ರ್ಯಾನ್‌ಬೆರಿಯಿಂದ ಅದು ಸುಮಾರು ಮೂವತ್ತಕ್ಕೆ ಇಳಿಯುತ್ತದೆ. ಮೂವತ್ತು ಮಂದಿಗೆ ಆಗಲೂ ಸೋಂಕು ಬರುತ್ತದೆ.

ಹಣದ ಮೂಲವನ್ನೂ ಗಮನಿಸಬೇಕಾಗುತ್ತದೆ. 2016ರಲ್ಲಿ 373 ಮಹಿಳೆಯರ ಮೇಲೆ ನಡೆದು ಅನುಕೂಲಕರ ಫಲಿತಾಂಶ ನೀಡಿದ ಪ್ರಯೋಗಕ್ಕೆ ಕ್ರ್ಯಾನ್‌ಬೆರಿ ಬೆಳೆಗಾರರ ಸಹಕಾರ ಸಂಸ್ಥೆಯಾದ ಓಷನ್ ಸ್ಪ್ರೇ ಧನಸಹಾಯ ನೀಡಿತ್ತು. ಅಷ್ಟರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲವಾದರೂ ಓದುಗರಿಗೆ ಆ ತಿಳಿವು ಇರಬೇಕು. ಇದೇ ಸಂಸ್ಥೆಯ ಅರ್ಜಿಯ ಮೇರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ, ವೈಜ್ಞಾನಿಕ ಆಧಾರ ಸೀಮಿತವಾದುದು ಎಂಬ ಮಾತನ್ನು ಸೇರಿಸುವ ಷರತ್ತಿನೊಂದಿಗೆ ಮಾತ್ರ ಪೊಟ್ಟಣದ ಮೇಲೆ ಆರೋಗ್ಯದ ಹೇಳಿಕೆಗೆ ಅವಕಾಶ ನೀಡಿತು.

ಪ್ರತಿಜೀವಕದೊಂದಿಗೆ ಹೋಲಿಕೆ

ಸೋಂಕು ಮರುಕಳಿಸದಂತೆ ಕಡಿಮೆ ಪ್ರಮಾಣದ ಪ್ರತಿಜೀವಕವನ್ನು ತಿಂಗಳುಗಟ್ಟಲೆ ನೀಡುವುದು ಹಳೆಯ ಪದ್ಧತಿ. 2011ರಲ್ಲಿ ನೆದರ್ಲೆಂಡಿನಲ್ಲಿ 221 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ವರ್ಷದಲ್ಲಿ ಸೋಂಕಿನ ಸರಾಸರಿ ಪ್ರತಿಜೀವಕದ ಗುಂಪಿನಲ್ಲಿ 1.8, ಕ್ರ್ಯಾನ್‌ಬೆರಿಯ ಗುಂಪಿನಲ್ಲಿ 4.0 ಇತ್ತು. ಪರಿಣಾಮದಲ್ಲಿ ಪ್ರತಿಜೀವಕದ್ದೇ ಮೇಲುಗೈ. ಆದರೆ ಒಂದೇ ತಿಂಗಳಲ್ಲಿ ಪ್ರತಿಜೀವಕ ತೆಗೆದುಕೊಂಡವರ ಕರುಳಿನ ಇ. ಕೋಲೈಗಳಲ್ಲಿ ಶೇ. 85ಕ್ಕಿಂತ ಹೆಚ್ಚು ಆ ಔಷಧಿಗೆ ಬಗ್ಗದಂತಾದವು. ಕ್ರ್ಯಾನ್‌ಬೆರಿಯ ಗುಂಪಿನಲ್ಲಿ ಹಾಗಾಗಲಿಲ್ಲ.

ಕ್ರ್ಯಾನ್‌ಬೆರಿಯ ನಿಜವಾದ ಮಹತ್ವ ಇಲ್ಲಿದೆ. ಭಾರತದ ಇ. ಕೋಲೈಗಳಲ್ಲಿ ಔಷಧ ಪ್ರತಿರೋಧ ಈಗಾಗಲೇ ಹೆಚ್ಚಾಗಿದ್ದು, ಹಿಂದೆ ಉರಿಮೂತ್ರಕ್ಕೆ ಧಾರಾಳವಾಗಿ ಬಳಸುತ್ತಿದ್ದ ಹಲವು ಗುಳಿಗೆಗಳು ಈಗ ಅನೇಕರಲ್ಲಿ ನಾಟುವುದಿಲ್ಲ. 2014ರ ಮಾರ್ಚ್ 1ರಿಂದ ಕೆಲವು ಪ್ರತಿಜೀವಕಗಳನ್ನು ‘ಎಚ್-1’ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದೂ ಮಾರಾಟದ ವಿವರವನ್ನು ಅಂಗಡಿಯಲ್ಲಿ ದಾಖಲಿಸಬೇಕೆಂದೂ ವಿಧಿಸಲಾಗಿದೆ. ಆದರೂ ಅಂಗಡಿಯಲ್ಲಿ ಲಕ್ಷಣ ಹೇಳಿ ಎರಡು ದಿನದ ಗುಳಿಗೆ ಕೊಳ್ಳುವ ಅಭ್ಯಾಸ ಪೂರ್ತಿ ನಿಂತಿಲ್ಲ. ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆಯಿಂದ ಸೋಂಕು ಅಡಗಿದಂತೆ ಕಂಡು ಮತ್ತೆ ತಲೆಯೆತ್ತುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ಸಂದರ್ಭ

ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳ ಅಂಚಿನಲ್ಲಿ ಭೀಮೆ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ ಭಾಗದಲ್ಲಿ ಕೃಷ್ಣೆ ಹರಿಯುತ್ತವೆ. ಆಲಮಟ್ಟಿ ಜಲಾಶಯವೂ ಇದೇ ಜಿಲ್ಲೆಯ ಗಡಿಯಲ್ಲಿದೆ. ಇಷ್ಟಿದ್ದರೂ ಜಿಲ್ಲೆಯ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸಿನಲ್ಲಿದ್ದು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಡೋಣಿ ನದಿಯ ಆಸುಪಾಸಿನಲ್ಲಿ ನೀರು ಸವಳು. ಕುಡಿಯುವ ನೀರನ್ನು ದೂರದಿಂದ ತರಬೇಕಾದ ಮನೆಯಲ್ಲಿ, ತರುವವಳು ಎಲ್ಲರಿಗಿಂತ ಕಡಿಮೆ ಕುಡಿಯುವುದು ಅಪರೂಪವೇನಲ್ಲ.

ಹಿಂಗಾರಿ ಬಿಳಿಜೋಳದ ಕೊಯ್ಲು, ಹತ್ತಿ ಬಿಡಿಸುವುದು, ದ್ರಾಕ್ಷಿ ಮತ್ತು ನಿಂಬೆ ತೋಟಗಳ ಕೆಲಸ, ಇವೆಲ್ಲವೂ ಬಹುಪಾಲು ಮಹಿಳೆಯರ ದುಡಿಮೆಯಿಂದ ನಡೆಯುತ್ತವೆ. ಈ ಎರೆಹೊಲಗಳು ಗಿಡಮರ ವಿರಳವಾದ ಬಟಾಬಯಲು. ಜೋಳ ನಿಂತಿರುವಾಗ ಮರೆಯಿರುತ್ತದೆ, ಕೊಯ್ದ ಮೇಲೆ ಅದೂ ಇಲ್ಲ. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯದೆ, ಮುಂಜಾನೆಯ ಮಬ್ಬಿನಿಂದ ಸಂಜೆಯ ಮಬ್ಬಿನವರೆಗೆ ತಡೆದುಕೊಳ್ಳುವುದು ಅವರಿಗೆ ರೂಢಿಯಾಗಿಬಿಡುತ್ತದೆ. ಕಬ್ಬು ಕಡಿಯಲು ಅಥವಾ ಕಟ್ಟಡ ಕೆಲಸಕ್ಕೆಂದು ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುವ ಕುಟುಂಬಗಳ ಹೆಂಗಸರದೂ ಇದೇ ಸ್ಥಿತಿ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಿಂದ ಹಳ್ಳಿಗಳಲ್ಲಿ ಶೌಚಾಲಯಗಳು ಹೆಚ್ಚಿವೆ. ಹೊಲಕ್ಕೆ, ಬಸ್ ನಿಲ್ದಾಣಕ್ಕೆ, ಕೆಲಸದ ಜಾಗಕ್ಕೆ ಆ ಸೌಲಭ್ಯ ಅದೇ ಪ್ರಮಾಣದಲ್ಲಿ ತಲುಪಿಲ್ಲ.

ಕಡಿಮೆ ನೀರು ಕುಡಿಯುವುದಕ್ಕೂ ಸೋಂಕಿಗೂ ಇರುವ ನಂಟನ್ನು ಸಂಶೋಧನೆಗಳು ತೋರಿಸಿವೆ. 1997ರಲ್ಲಿ ಪ್ರಕಟವಾದ ಅಮೆರಿಕದ ಶಾಲಾ ಶಿಕ್ಷಕಿಯರ ಸಮೀಕ್ಷೆಯೊಂದರಲ್ಲಿ, ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಕೆಲಸದ ವೇಳೆ ಕಡಿಮೆ ನೀರು ಕುಡಿಯುತ್ತಿದ್ದವರಲ್ಲಿ ಸೋಂಕು ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಇನ್ನೂ ಬಲವಾದ ಸಾಕ್ಷ್ಯ 2018ರದು. ದಿನಕ್ಕೆ 1.5 ಲೀಟರಿಗಿಂತ ಕಡಿಮೆ ದ್ರವ ಕುಡಿಯುತ್ತಿದ್ದ, ಮರುಕಳಿಸುವ ಸೋಂಕಿನ 140 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ 1.5 ಲೀಟರ್ ನೀರನ್ನು ಹೆಚ್ಚುವರಿಯಾಗಿ ಕುಡಿಸಲಾಯಿತು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಬಾರಿ ಸೋಂಕು ಬಂದರೆ, ಉಳಿದವರಿಗೆ 3.2 ಬಾರಿ ಬಂತು. ಎರಡೂ ಪ್ರಯೋಗಗಳನ್ನು ನೇರವಾಗಿ ಹೋಲಿಸಲಾಗದಿದ್ದರೂ, ಕ್ರ್ಯಾನ್‌ಬೆರಿಯ ಶೇ. 26ರ ಪಕ್ಕದಲ್ಲಿ ನೀರಿನ ಈ ಫಲ ದೊಡ್ಡದಾಗಿಯೇ ಕಾಣುತ್ತದೆ. ಹೊಲದ ಕೆಲಸಗಾರಳಿಗೆ ಆಮದು ಹಣ್ಣಿನ ಗುಳಿಗೆಗಿಂತ ಮೊದಲು ಬೇಕಾದುದು ಒಂದು ಕೊಡ ಸಿಹಿನೀರು ಮತ್ತು ಬಾಗಿಲಿರುವ ಒಂದು ಮರೆ.

ಮನೆಮದ್ದುಗಳಲ್ಲಿ ಬಾರ್ಲಿ ನೀರು, ಹವೀಜ ಅಂದರೆ ಕೊತ್ತಂಬರಿ ಬೀಜ ನೆನೆಸಿದ ನೀರು, ನೆಗ್ಗಿನಮುಳ್ಳಿನ ಕಷಾಯ, ಮಜ್ಜಿಗೆ ಮತ್ತು ನಿಂಬೆ ಪಾನಕ ಮುಖ್ಯವಾದವು. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಇಂಡಿ ನಿಂಬೆ ಈ ಭಾಗದಲ್ಲಿ ಧಾರಾಳವಾಗಿ ಸಿಗುತ್ತದೆ. ನಿಂಬೆಯ ಸಿಟ್ರೇಟ್ ಮೂತ್ರದ ಆಮ್ಲೀಯತೆಯನ್ನು ತಗ್ಗಿಸಿ ಉರಿಯನ್ನು ಸ್ವಲ್ಪ ಶಮನಗೊಳಿಸಬಹುದು. ಔಷಧ ಅಂಗಡಿಗಳಲ್ಲಿ ಸಿಗುವ ಸಿಟ್ರೇಟ್ ಸಿರಪ್ಪಿನ ಗುಣವೂ ಇದೇ. ಇವು ಯಾವುವೂ ಬ್ಯಾಕ್ಟೀರಿಯವನ್ನು ತೊಲಗಿಸುವುದಿಲ್ಲ. ಆದರೆ ಇವೆಲ್ಲವುಗಳಿಂದ ಹೊಟ್ಟೆಗೆ ನೀರು ಸೇರುತ್ತದೆ, ಆ ಮಟ್ಟಿಗೆ ಹಿರಿಯರ ಸಲಹೆ ಸರಿಯಾದುದೇ. ಉರಿ ತಗ್ಗಿತೆಂದು ಪರೀಕ್ಷೆ ಮುಂದೂಡುವುದು ಮಾತ್ರ ಅಪಾಯಕಾರಿ.

ನಾಲ್ಕೂ ಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿದ್ದು, ಮೂತ್ರದ ಸಾಮಾನ್ಯ ಪರೀಕ್ಷೆ ಅಲ್ಲಿ ಸಾಧ್ಯ. ಯಾವ ಬ್ಯಾಕ್ಟೀರಿಯ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ತಿಳಿಸುವ ಕಲ್ಚರ್ ಪರೀಕ್ಷೆಗೆ ವೈದ್ಯಕೀಯ ಕಾಲೇಜುಗಳಿರುವ ವಿಜಯಪುರ ನಗರವೇ ಹತ್ತಿರದ ಆಸರೆ. ಮತ್ತೆ ಮತ್ತೆ ಸೋಂಕು ಬರುವವರಿಗೆ ಈ ಪರೀಕ್ಷೆ ಅತ್ಯಗತ್ಯ. ಮಧುಮೇಹ ಮತ್ತು ಕಲ್ಲುಗಳ ತಪಾಸಣೆಯೂ ಜೊತೆಗೆ ಆಗಬೇಕು. ಋತುಬಂಧವಾದವರಿಗೆ ವೈದ್ಯರ ಸಲಹೆಯಂತೆ ಯೋನಿಯಲ್ಲಿ ಬಳಸುವ ಈಸ್ಟ್ರೋಜನ್ ಮುಲಾಮು ಪರಿಣಾಮಕಾರಿ ಎಂದು ಸಿದ್ಧವಾಗಿದ್ದರೂ, ಸಂಕೋಚದಿಂದ ಅದನ್ನು ಕೇಳುವವರೂ ಹೇಳುವವರೂ ಕಡಿಮೆ.

ಬಳಕೆ ಮತ್ತು ಎಚ್ಚರಿಕೆಗಳು

ನಿಗದಿತ ಪ್ರಮಾಣವೆಂಬುದು ಇಲ್ಲ. ಅನೇಕ ಪ್ರಯೋಗಗಳಲ್ಲಿ ದಿನಕ್ಕೆ 36 ಮಿ.ಗ್ರಾಂ. ಪ್ರೋಆಂಥೋಸಯನಿಡಿನ್ ಒದಗಿಸುವ ಗುಳಿಗೆ ಅಥವಾ ಸುಮಾರು 240ರಿಂದ 300 ಮಿ.ಲೀ. ಪಾನೀಯ ಬಳಕೆಯಾಗಿದೆ. ಪೊಟ್ಟಣದ ಮೇಲೆ ಕ್ರ್ಯಾನ್‌ಬೆರಿ ಸಾರ ಇಷ್ಟು ಮಿ.ಗ್ರಾಂ. ಎಂದಷ್ಟೇ ಇದ್ದರೆ ಅದರಲ್ಲಿ ಪ್ರೋಆಂಥೋಸಯನಿಡಿನ್ ಎಷ್ಟಿದೆ ಎಂಬುದು ತಿಳಿಯದು. ಭಾರತದಲ್ಲಿ ಇದನ್ನು ಡಿ-ಮ್ಯಾನೋಸ್ ಎಂಬ ಸಕ್ಕರೆಯೊಂದಿಗೆ ಬೆರೆಸಿ ಮಾರುವುದು ಸಾಮಾನ್ಯ. 2024ರಲ್ಲಿ ಬ್ರಿಟನ್ನಿನ 598 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಡಿ-ಮ್ಯಾನೋಸ್‌ನಿಂದ ಪ್ರಯೋಜನ ಕಾಣಲಿಲ್ಲ. ಸಕ್ಕರೆ ಬೆರೆಸಿದ ಒಣಹಣ್ಣು ಮತ್ತು ಸಿಹಿ ಪಾನೀಯಗಳು ಮಧುಮೇಹಿಗಳಿಗೆ ಹಿತವಲ್ಲ.

ಹೊಟ್ಟೆ ಉರಿ, ಭೇದಿ ಇದರ ಸಾಮಾನ್ಯ ಅಡ್ಡ ಪರಿಣಾಮಗಳು. ಆಕ್ಸಲೇಟ್ ಕಲ್ಲುಗಳ ಇತಿಹಾಸವಿರುವವರು ವೈದ್ಯರನ್ನು ಕೇಳಿ ಬಳಸುವುದು ಲೇಸು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಕ್ರ್ಯಾನ್‌ಬೆರಿ ರಸವನ್ನು ಮಿತಗೊಳಿಸಬೇಕು ಅಥವಾ ದೂರವಿಡಬೇಕೆಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 2003ರಲ್ಲಿ ಎಚ್ಚರಿಸಿತ್ತು. ನಂತರದ ಅಧ್ಯಯನಗಳಲ್ಲಿ ಸಾಮಾನ್ಯ ಪ್ರಮಾಣದ ಸೇವನೆಯಿಂದ ಅಂಥ ಪರಿಣಾಮ ಸ್ಪಷ್ಟವಾಗಿ ಕಂಡಿಲ್ಲವಾದರೂ, ವಾರ್ಫರಿನ್ ಸೇವಿಸುವವರು ವೈದ್ಯರಿಗೆ ತಿಳಿಸದೆ ಇದನ್ನು ಆರಂಭಿಸಬಾರದು.